ಆಮೆಯಣ್ಣನ ಅಜ್ಜಿ

“ಕೆಳಗಿನವರು ಎತ್ತಿ! ಮೇಲಿನವರು ತಗ್ಗಿಸಿ! ಇನ್ನೂ ಸ್ವಲ್ಪ ಓರೆ!”

ಮೂರನೆಯ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆಯ ಮೂಲೆ ಗೋಡೆಗೆ ಸಿಕ್ಕಿಕೊಂಡಿತ್ತು. ಹೊತ್ತಿದ್ದ ನಾಲ್ವರೂ ಲಿಫ್ಟ್ ರಿಪೇರಿಯವರು. ಭಾರ ಎತ್ತುವುದು ಅವರಿಗೆ ಹೊಸದೇನಲ್ಲ, ಆದರೆ ಇವತ್ತು ಯಾರ ಕೈಗೂ ಹಿಡಿತ ಸಿಗುತ್ತಿರಲಿಲ್ಲ. ಎಲ್ಲರಿಗಿಂತ ಕಿರಿಯವನು, ಸಣಕಲ ಮೈಯಿಂದಾಗಿ ‘ಕಡ್ಡಿ’ ಎಂದೇ ಹೆಸರಾದವನು, ಕೆಳಗಿನ ಮೆಟ್ಟಿಲಲ್ಲಿ ನಿಂತು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡಿದ್ದ.

ಕಟ್ಟಡದಲ್ಲಿ ಲಿಫ್ಟ್ ಇತ್ತು. ಚೆನ್ನಾಗಿಯೇ ಓಡುತ್ತಿತ್ತು. ಅದನ್ನು ಇಷ್ಟು ವರ್ಷ ಓಡುವ ಹಾಗೆ ಇಟ್ಟವನೇ ಪೆಟ್ಟಿಗೆಯಲ್ಲಿ ಮಲಗಿದ್ದ. ಆದರೆ ಅವನ ಹೆಂಡತಿ ಕೆಳಗೆ ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಿದ್ದಳು.

“ಇದರೊಳಗೆ ಬೇಡ. ಹೊತ್ಕೊಂಡು ಹೋಗಿ.”

ಹೊತ್ತವರು ಮೆಟ್ಟಿಲತ್ತ ತಿರುಗಿದರು. ಕಂಪನಿಯ ಮೇಲ್ವಿಚಾರಕ ಮಾತ್ರ, ಅವಳು ಆಚೆ ಸರಿದದ್ದೇ ತಡ, ಲಿಫ್ಟಿನ ಗುಂಡಿ ಒತ್ತಿದ. ಪೆಟ್ಟಿಗೆ ನಾಲ್ಕನೆಯ ಮಹಡಿ ತಲುಪುವ ಹೊತ್ತಿಗೆ ಅವನು ಆಗಲೇ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ, ಒಂದು ಹನಿ ಬೆವರೂ ಇಲ್ಲದೆ.

ಸತ್ತವನನ್ನು ಕೆಲಸದವರೆಲ್ಲ ಆಮೆಯಣ್ಣ ಎನ್ನುತ್ತಿದ್ದರು. ನಡೆಯುವುದು ನಿಧಾನ, ಉಣ್ಣುವುದು ನಿಧಾನ, ಒಂದು ನಟ್ಟು ಬಿಗಿಸಿದರೆ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಚಾಳಿ. ನಿನ್ನೆ ಪೇಟೆಯ ಒಂದು ಎತ್ತರದ ಕಟ್ಟಡದಲ್ಲಿ, ಅವರು ‘ಬಾವಿ’ ಎಂದು ಕರೆಯುವ ಲಿಫ್ಟಿನ ಓಣಿಗೆ ಇಳಿದವನು ತಳಕ್ಕೆ ಬಿದ್ದಿದ್ದ.

ಪೆಟ್ಟಿಗೆಯನ್ನು ನಡುಮನೆಯಲ್ಲಿ ಇಳಿಸಿದರು. ಬಂದವರು ಗೋಡೆಗುಂಟ ಕೂತರು. ಮೇಲ್ವಿಚಾರಕ ಹೆಂಡತಿಯನ್ನು ಅಡುಗೆಮನೆಯ ಬಾಗಿಲಿಗೆ ಕರೆದು ದನಿ ತಗ್ಗಿಸಿದ.

“ಅಮ್ಮಾ, ಈ ಹೊತ್ತಲ್ಲಿ ಹೇಳಬಾರದು. ಆದ್ರೆ ಅಪಘಾತದ ವಿಚಾರಣೆ ಅಧಿಕಾರಿ ಚಿತಾಗಾರಕ್ಕೇ ಬರ್ತಾರೆ. ನಾಳೆಯಿಂದ ಅವರಿಗೆ ಬೇರೆ ಊರಂತೆ. ಸೊಂಟದ ಬೆಲ್ಟಿನ ಕೊಕ್ಕೆ ಹಾಕೋದು ಮರೆತು ಇಳಿದ್ರು ಅಂತ ಕಡ್ಡಿ ಹೇಳ್ತಾನೆ, ಅವನೇ ಪಕ್ಕದಲ್ಲಿದ್ದವನು. ನೀವೂ ಒಂದು ಮಾತು, ಇತ್ತೀಚೆಗೆ ಮರೆವು ಜಾಸ್ತಿಯಾಗಿತ್ತು ಅಂದುಬಿಟ್ರೆ ಎಲ್ಲರಿಗೂ ಒಳ್ಳೇದು.”

ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಜನ ಕಷ್ಟವನ್ನು ಸುತ್ತಿ ಬಳಸಿ ಹೇಳುವುದನ್ನು ದಿನವಿಡೀ ಕೇಳಿ ಅಭ್ಯಾಸವಿದ್ದವಳು.

“ಮರೆವಾ? ಅವರಿಗಾ?” ಎಂದಳು. “ಬೀಗ ಹಾಕಿ ಬೀದಿ ತುದಿ ತನಕ ಹೋಗಿ, ವಾಪಸು ಬಂದು ಎಳೆದು ನೋಡೋ ಮನುಷ್ಯ ಅವರು.”

“ಮನುಷ್ಯ ಅಂದಮೇಲೆ ಒಂದು ದಿನ...”

“ಕಡ್ಡಿ ನೋಡಿದನಾ?”

ಮಾತು ಪೆಟ್ಟಿಗೆಯ ಪಕ್ಕ ಕೂತಿದ್ದ ಮಗಳಿಗೂ ಕೇಳಿಸಿತು. ನಡುಮನೆಯ ಮೂಲೆಯಲ್ಲಿ ನಿಂತಿದ್ದ ಕಡ್ಡಿ ತಲೆ ಎತ್ತಲಿಲ್ಲ.

*

ಮಗಳಿಗೆ ಹನ್ನೊಂದು ತುಂಬಿದ ವರ್ಷ ಅವಳ ಕಾಲಿನ ಮೂಳೆ ಮುರಿದಿತ್ತು. ಹಾಸಿಗೆ ಹಿಡಿದ ಹುಡುಗಿಯ ಹೊತ್ತು ಕಳೆಯಲಿ ಎಂದು ಆಮೆಯಣ್ಣ ಯಾರೋ ಬಳಸಿ ಬಿಟ್ಟ ಒಂದು ಆಟದ ಯಂತ್ರ ತಂದು ಟಿವಿಗೆ ಸಿಕ್ಕಿಸಿದ್ದ. ಅದರಲ್ಲಿ ಒಂದು ಯುದ್ಧದ ಆಟ. ನೆಲವೆಲ್ಲ ಚೌಕಗಳು. ನಮ್ಮ ಪಡೆ ಒಂದು ಸುತ್ತು ನಡೆದರೆ ರಾಕ್ಷಸರ ಪಡೆ ಒಂದು ಸುತ್ತು. ಸತ್ತ ಯೋಧ ಮತ್ತೆ ಬರುವುದಿಲ್ಲ. ಅಷ್ಟು ದಿನ ಸಾಕಿದ್ದೆಲ್ಲ ಮಣ್ಣುಪಾಲು.

ಮಗಳು ಬೆಂಕಿ ಉಗುಳುವ ಮಂತ್ರಗಾತಿಯನ್ನು ಆರಿಸಿಕೊಂಡಳು. ಅಪ್ಪ ಇಡೀ ಪಟ್ಟಿಯನ್ನು ನಿಧಾನವಾಗಿ ನೋಡಿ, ಯಾರೂ ಮುಟ್ಟದ ಒಬ್ಬಳನ್ನು ಆರಿಸಿದ. ನರೆತ ಕೂದಲು, ಬಾಗಿದ ಬೆನ್ನು, ಕೈಯಲ್ಲೊಂದು ಗುರಾಣಿ.

“ಅಪ್ಪಾ, ಇವಳಾ? ಇವಳ ಹತ್ರ ಕತ್ತಿ ಕೂಡ ಸರಿಯಾಗಿಲ್ಲ!”

“ಇರಲಿ ಬಿಡು. ಪಾಪ, ಇವಳನ್ನ ಯಾರೂ ಕರೆಯಲ್ಲ ಅನ್ಸುತ್ತೆ.”

ಅವಳಿಗೆ ‘ಅಜ್ಜಿ’ ಎಂದು ಹೆಸರಿಟ್ಟ. ಒಂದೊಂದು ಯುದ್ಧ ಮುಗಿದಾಗಲೂ ಬಲ ಹೆಚ್ಚಿಸಿಕೊಳ್ಳಲು ಪಾಯಿಂಟುಗಳು ಸಿಗುತ್ತಿದ್ದವು. ಮಗಳು ಕಣ್ಣು ಮುಚ್ಚಿ ಬೆಂಕಿಗೆ ಸುರಿಯುವಳು. ಅಪ್ಪ ಮಾತ್ರ ಗಲ್ಲಕ್ಕೆ ಕೈ ಹಚ್ಚಿ ಕೂರುವನು. ಹೊಡೆಯುವ ಶಕ್ತಿ ಅವನಿಗೆ ಬೇಡ. ತಡೆಯುವುದು, ನಿಲ್ಲುವುದು, ಜಾರದಿರುವುದು, ಇವಿಷ್ಟೇ ಬೇಕು. ಆಯುಧದ ಅಂಗಡಿಗೆ ಹೊಕ್ಕರಂತೂ ಮುಗಿಯಿತು. ಶಿರಸ್ತ್ರಾಣ ತೊಡಿಸಿ ತೆಗೆಯುವನು, ಎದೆಗವಚ ಬದಲಿಸುವನು, ಮೊಣಕಾಲಿನ ಪಟ್ಟಿಯಲ್ಲಿ ತೂತಿದೆಯೇ ಎಂದು ತೆರೆಗೆ ಮೂಗು ತಾಗಿಸಿ ನೋಡುವನು.

“ನಿನ್ನಜ್ಜಿ ಸಿಂಗಾರ ಮುಗಿಸೋ ಹೊತ್ತಿಗೆ ರಾಕ್ಷಸರು ಮುದುಕರಾಗಿ ಸತ್ತೇ ಹೋಗಿರ್ತಾರೆ!” ಎಂದು ಮಗಳು ದಿಂಬಿಗೆ ಗುದ್ದುವಳು.

“ಒಳ್ಳೇದೇ ಆಯ್ತಲ್ಲ, ಯುದ್ಧನೇ ಬೇಡ.”

ಭಾನುವಾರ ಕಡ್ಡಿಯೂ ಬರುತ್ತಿದ್ದ. ಅವನದು ಬಿಲ್ಲುಗಾರ. ಹಿಂದೆ ಮುಂದೆ ನೋಡದೆ ನುಗ್ಗುವುದು, ಸುತ್ತ ಶತ್ರುಗಳು ಮುತ್ತಿದ ಮೇಲೆ “ಅಣ್ಣಾ, ಅಣ್ಣಾ!” ಎಂದು ಕೂಗುವುದು ಅವನ ಪದ್ಧತಿ. ಅಜ್ಜಿಗೆ ‘ಅಡ್ಡ ನಿಲ್ಲು’ ಎಂಬ ಒಂದು ವಿದ್ಯೆ ಇತ್ತು. ಪಕ್ಕದ ಚೌಕದವನ ಮೇಲೆ ಬೀಳುವ ಏಟನ್ನು ಅವಳು ತನ್ನ ಮೈಮೇಲೆ ಎಳೆದುಕೊಳ್ಳಬಹುದಿತ್ತು. ಆಮೆಯಣ್ಣ ಕಾಲ ಮೇಲಿನ ಕಾಲು ಇಳಿಸಿ, ಆ ಗುಂಡಿ ಒತ್ತುವನು. ಅಜ್ಜಿ ಕುಂಟುತ್ತಾ ಬಂದು ಗುರಾಣಿ ಊರುವಳು. ಅಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಸಾಯಲಿಲ್ಲ.

*

ನಡುಮನೆಯಲ್ಲಿ ಇದ್ದಕ್ಕಿದ್ದಂತೆ ತುತ್ತೂರಿಯ ಸದ್ದು ಕೇಳಿ ಎಲ್ಲರೂ ಬೆಚ್ಚಿದರು. ಟಿವಿ ಹೊತ್ತಿಕೊಂಡಿತ್ತು. ಮಗಳು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಆಟದ ಯಂತ್ರವನ್ನು ಕೈಗೆತ್ತಿಕೊಂಡಿದ್ದಳು.

“ಅಯ್ಯೋ, ಇದೇನೇ ಇದು!” ಸತ್ತವನ ಅಕ್ಕ ಎದ್ದೇಬಿಟ್ಟಳು. “ಅಪ್ಪನ ಹೆಣ ಮುಂದಿಟ್ಕೊಂಡು ಆಟ ಆಡ್ತೀಯಾ? ಹದಿನಾರು ತುಂಬಿದ ಹುಡುಗಿ, ಬುದ್ಧಿ ಬೇಡ್ವಾ?”

“ಆಡ್ತಿಲ್ಲ ಅತ್ತೆ.”

“ಮತ್ತೆ ಅದೇನು? ಮೊದಲು ಆರಿಸು!”

ಕೂತವರಲ್ಲಿ ಗುಸುಗುಸು ಎದ್ದಿತು. ತಾಯಿ ಅಡುಗೆಮನೆಯ ಬಾಗಿಲಿಂದ ಬಂದಳು. ಅವಳೂ ಬೈಯಲೆಂದೇ ಬಾಯಿ ತೆರೆದಿದ್ದಳು. ಮಗಳ ಮುಖ ನೋಡಿ ನಿಂತಳು.

ತೆರೆಯ ಮೇಲೆ ಯುದ್ಧ ಇರಲಿಲ್ಲ. ಅಜ್ಜಿ ಒಬ್ಬಳೇ ನಿಂತಿದ್ದಳು. ಅವಳ ಸುತ್ತ ಅವಳು ತೊಟ್ಟದ್ದೆಲ್ಲ ಚೌಕ ಚೌಕವಾಗಿ ಕಾಣುತ್ತಿತ್ತು: ಶಿರಸ್ತ್ರಾಣ, ಕವಚ, ಕೈಗವಸು, ಸೊಂಟಪಟ್ಟಿ.

“ಕಡ್ಡಿ ಮಾಮ, ಇಲ್ಲಿ ಬನ್ನಿ.”

ಕಡ್ಡಿ ಕದಲಲಿಲ್ಲ. ಮೇಲ್ವಿಚಾರಕ ಅವನನ್ನೇ ನೋಡುತ್ತಿದ್ದ.

“ಬನ್ನಿ ಅಂದೆ. ಇದರಲ್ಲಿ ಅಪ್ಪ ಏನಾದ್ರೂ ಮರೆತಿದ್ದಾರಾ ನೋಡಿ ಹೇಳಿ.” ಅವಳ ದನಿ ಒಡೆದಿತ್ತು, ಆದರೆ ನಿಲ್ಲಲಿಲ್ಲ. “ಬೊಂಬೆಗೆ ಒಂದು ಪಟ್ಟಿ ಕಟ್ಟೋಕೆ ಅರ್ಧ ಸಂಜೆ ತಗೊಂಡವರು. ಆರು ಮಹಡಿ ಎತ್ತರದಲ್ಲಿ ತಮ್ಮ ಸೊಂಟಕ್ಕೆ ಕೊಕ್ಕೆ ಹಾಕ್ಕೊಳ್ಳೋದು ಮರೆತ್ರಾ? ನೀವು ಕಣ್ಣಾರೆ ನೋಡಿದ್ರಾ?”

ಕಡ್ಡಿ ಒಂದು ಹೆಜ್ಜೆ ಮುಂದಿಟ್ಟ. “ಪುಟ್ಟೀ...” ಎಂದ.

“ದುಃಖದಲ್ಲಿದೆ ಮಗು,” ಎಂದು ಮೇಲ್ವಿಚಾರಕ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಕಡ್ಡಿಯ ಹೆಗಲ ಮೇಲೆ ಕೈಯಿಟ್ಟ. “ನೀನು ಕೆಳಗೆ ಹೋಗಿ ಗಾಡಿ ನೋಡ್ಕೋ. ಮನೇಲಿ ಹೆಂಡತಿ ಬಸುರಿ ಅಲ್ವಾ, ಊಟ ತಿಂಡಿ ಆಯ್ತೋ ಇಲ್ವೋ ಫೋನ್ ಮಾಡಿ ವಿಚಾರಿಸು.”

ಅದರೊಳಗಿನ ಗುದ್ದು ಕಡ್ಡಿಗೆ ಗೊತ್ತಾಯಿತು. ಅವನು ಬಾಗಿಲ ಕಡೆ ಹೊರಟ. ದಾಟುವಾಗ ಒಮ್ಮೆ ತೆರೆಯತ್ತ ನೋಡಿದ. ಅಜ್ಜಿಯ ಕಾಲಿನ ಚೌಕ ಮಾತ್ರ ಖಾಲಿ ಇತ್ತು.

*

ಆ ಖಾಲಿ ಚೌಕದ ಮೇಲೆಯೇ ಮೊನ್ನೆ ಸಂಜೆ ಜಗಳವಾಗಿತ್ತು. ಕೊನೆಯ ಕೋಟೆ ಒಂದೇ ಉಳಿದಿತ್ತು. ಮಗಳಿಗೆ ತಡೆಯಲಾಗದಷ್ಟು ಅವಸರ. ಅಪ್ಪ ಹಳೆಯ ಬೂಟು ಬಿಚ್ಚಿಟ್ಟು, ಹೊಸದು ಸಿಗದೆ ಕೂತಿದ್ದ.

“ಕೋಟೆ ಒಳಗೆ ನೆಲ ಜಾರುತ್ತೆ. ಹಳೇದರ ಅಡಿ ಸವೆದಿದೆ. ಹಿಂದೆ ಗೆದ್ದ ಗಣಿಯ ಹಂತದಲ್ಲಿ ಇನ್ನೊಂದು ಸಲ ಹುಡುಕೋಣ.”

“ಸವೆದಿದ್ರೇನು ಅಪ್ಪಾ, ಒಂದೇ ಯುದ್ಧ ತಾನೇ!”

“ಒಂದೇ ಸಲ ತಾನೇ ಬೀಳೋದೂ.”

“ನೀನು ಯಾವಾಗಲೂ ಇಷ್ಟೇ! ಬರೀ ತಯಾರಿ! ನಿನ್ನ ಜೊತೆ ಆಡೋದೇ ಬೇಡ,” ಎಂದು ಅವಳು ಒಳಗೆ ಹೋಗಿ ಬಾಗಿಲು ಬಡಿದುಕೊಂಡಿದ್ದಳು.

ಸ್ವಲ್ಪ ಹೊತ್ತಿಗೆ ಬಾಗಿಲಾಚೆ ಅವನು ಹೆಂಡತಿಗೆ ಹೇಳುವುದು ಕೇಳಿಸಿತ್ತು. “ಹೊಸ ಬೆಲ್ಟು, ಕೊಕ್ಕೆ ಕೇಳಿ ಕೇಳಿ ಸಾಕಾಯ್ತು. ನಾಳೆ ಕೊಡದಿದ್ರೆ ಇಳಿಯಲ್ಲ ಅಂದುಬಿಡ್ತೀನಿ.” ಮಗಳು ಕೋಪದಲ್ಲಿ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಬೆಳಿಗ್ಗೆ ಅವಳು ಏಳುವ ಮೊದಲೇ ಅವನು ಕೆಲಸಕ್ಕೆ ಹೋಗಿದ್ದ.

*

ಚಿತಾಗಾರದ ಅಂಗಳದಲ್ಲಿ ನೆರಳಿಗೆ ಒಂದು ತಗಡಿನ ಚಾವಣಿ. ನಗರದ ಬೇರೆ ಬೇರೆ ಕಡೆಯಿಂದ ಅದೇ ಕಂಪನಿಯ ಲಿಫ್ಟ್ ಕೆಲಸದವರು ನೇರ ಬಂದಿದ್ದರು. ಕೆಲವರ ಬಟ್ಟೆಯಲ್ಲಿ ಇನ್ನೂ ಗ್ರೀಸಿನ ಕಲೆ, ಹೆಗಲಲ್ಲಿ ಕೆಲಸದ ಚೀಲ. ವಿಚಾರಣೆಯ ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು. ಪೆಟ್ಟಿಗೆಗೆ ಕೈಮುಗಿದು, ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡು ಕೂತರು.

“ಹೆಚ್ಚು ತೊಂದರೆ ಕೊಡಲ್ಲ ಅಮ್ಮಾ. ಹೊಸ ಬೆಲ್ಟ್ ಅವರ ಸೊಂಟದಲ್ಲೇ ಇತ್ತು, ಕೊಕ್ಕೆ ಹಾಕಿರಲಿಲ್ಲ ಅಂತ ಕಂಪನಿಯವರು ಹೇಳ್ತಾರೆ.”

“ಹೊಸದಾ?” ಎಂದಳು ಹೆಂಡತಿ. “ಅವರ ಹತ್ರ ಹೊಸದಿರಲಿಲ್ಲ. ಮೊನ್ನೆ ತನಕ ಕೇಳ್ತಾನೇ ಇದ್ದರು.”

“ನಿನ್ನೆ ಬೆಳಿಗ್ಗೆ ಕೊಟ್ಟಿದ್ವಿ ಮೇಡಂ,” ಎಂದ ಮೇಲ್ವಿಚಾರಕ. “ಸಾಕ್ಷಿ ಇಲ್ಲೇ ಇದ್ದಾನೆ. ಹೇಳೋ.”

ಕಡ್ಡಿ ಮುಂದೆ ಬಂದ. ಒಳಗೆ ಕುಲುಮೆ ಕಾಯಿಸುವ ಸದ್ದು ಶುರುವಾಗಿತ್ತು. ಅವನು ಅಧಿಕಾರಿಯನ್ನಾಗಲಿ ಮೇಲ್ವಿಚಾರಕನನ್ನಾಗಲಿ ನೋಡಲಿಲ್ಲ. ಮಗಳನ್ನು ನೋಡಿದ.

“ಕೊಟ್ಟಿದ್ದು ನಿಜ,” ಎಂದ. “ಬಿದ್ದ ಮೇಲೆ ಕೊಟ್ಟರು.”

“ಏಯ್!”

“ಕಟ್ಟಿದ್ದು ನಾನೇ, ಈ ಕೈಯಲ್ಲೇ. ಅಣ್ಣನ ಮೈ ಇನ್ನೂ ಬಿಸಿಯಿತ್ತು. ಹಳೇದನ್ನ ಎಲ್ಲಾದ್ರೂ ಎಸೆದು ಬಾ ಅಂದ್ರು, ಎಸೆಯೋಕೆ ಆಗಲಿಲ್ಲ, ನನ್ನ ಚೀಲದಲ್ಲೇ ಇದೆ.” ಮಾತು ಈಗ ಕಟ್ಟೆಯೊಡೆದ ಹಾಗೆ ಬರುತ್ತಿತ್ತು. “ಅಣ್ಣ ಇಳಿಯಲ್ಲ ಅಂದಿದ್ರು ಮೇಡಂ. ಸ್ಪ್ರಿಂಗ್ ಸತ್ತಿದೆ, ಕೊಕ್ಕೆ ಬಾಯಿ ಮುಚ್ಚಲ್ಲ ಅಂದ್ರು. ಇವರು ಕೂಗಾಡಿದ್ರು. ಆಮೆಗೆ ಆಗದಿದ್ರೆ ಕಡ್ಡಿ ಇಳೀಲಿ ಅಂದ್ರು. ನನ್ನದು ಇನ್ನೂ ಹಾಳು. ಆದ್ರೂ ನಾನು ಹೊರಟೆ, ಹೆದರಿಕೆಗೆ. ಒಂದು ಕಾಲು ಒಳಗಿಟ್ಟಿದ್ದೆ. ಅಣ್ಣ ಕುತ್ತಿಗೆಪಟ್ಟಿ ಹಿಡಿದು ಹಿಂದಕ್ಕೆಳೆದ್ರು. ‘ನೀನು ನಿಲ್ಲೋ, ನಾನು ನೋಡ್ಕೊಂಡು ಇಳೀತೀನಿ’ ಅಂದ್ರು. ಕೊಕ್ಕೆ ಹಾಕಿದ್ರು. ಬಾಯಿಗೆ ತಂತಿ ಸುತ್ತಿದ್ರು. ಎಳೆದು ನೋಡಿದ್ರು. ಆದ್ರೂ ಭಾರ ಬಿದ್ದಾಗ ತಂತಿ ಬಿಟ್ಟುಕೊಳ್ತು. ಏನೂ ಮರೀಲಿಲ್ಲ ಪುಟ್ಟಿ, ಅಣ್ಣ ಏನೂ ಮರೀಲಿಲ್ಲ.”

ಮಗಳು ತಾಯಿಯ ತೋಳಿಗೆ ಮುಖ ಒತ್ತಿಕೊಂಡಳು. ತಾಯಿ ಕೂತಲ್ಲಿಂದ ಏಳದೆ, ಕೈ ಚಾಚಿ ಕಡ್ಡಿಯ ಮಣಿಕಟ್ಟು ಹಿಡಿದಳು. ಅದನ್ನು ಬಿಡಲಿಲ್ಲ.

“ಇವನಿಗೆ ತಲೆ ಕೆಟ್ಟಿದೆ,” ಎಂದ ಮೇಲ್ವಿಚಾರಕ. “ಒಬ್ಬರ ಬೆಲ್ಟ್ ಹಾಳಾಗಿದ್ರೆ ಕಂಪನಿದೆಲ್ಲಾ ಹಾಳು ಅಂತಾನಾ? ಬೇಕಾದ್ರೆ ಉಳಿದವರನ್ನ ಕೇಳಿ ಮೇಡಂ!”

ಅಧಿಕಾರಿ ಉಳಿದವರತ್ತ ತಿರುಗಿದರು. ಅವರೆಲ್ಲರ ಕಣ್ಣೂ ಮೇಲ್ವಿಚಾರಕನ ಮೇಲಿತ್ತು. ಅವನು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಳ್ಳುತ್ತಾ ತನ್ನ ಕಾರಿಗೆ ಹೋಗಿ ಕೂತ.

ಆಗ ಗುಂಪಿನಿಂದ ಒಬ್ಬ ಹಿರಿಯ ಕೆಲಸಗಾರ ಹೊರಬಂದ. ಚೀಲದಿಂದ ತನ್ನ ಬೆಲ್ಟ್ ತೆಗೆದು, ಕೊಕ್ಕೆಯ ಬಾಯನ್ನು ಹೆಬ್ಬೆರಳಿಂದ ಒತ್ತಿ ಬಿಟ್ಟ. ಬಾಯಿ ತೆರೆದೇ ಇತ್ತು. ಅವನು ಅದನ್ನು ಕಾರಿನ ಮುಂಭಾಗದ ಮೇಲೆ ಇಟ್ಟು ಪಕ್ಕಕ್ಕೆ ಸರಿದ. ಎರಡನೆಯವನು ಬಂದ. ಅವನ ಕೊಕ್ಕೆ ಟಕ್ಕೆಂದು ಮುಚ್ಚಿಕೊಂಡಿತು. ಅವನು ಬೆಲ್ಟನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಮೂರನೆಯವನದು ಮುಚ್ಚಲಿಲ್ಲ. ಆಮೇಲೆ ಸಾಲು ಬೆಳೆಯಿತು. ಕುಲುಮೆಯ ಸದ್ದಿನ ನಡುವೆ ಅಲ್ಲೊಂದು ಇಲ್ಲೊಂದು ಟಕ್ ಕೇಳುತ್ತಿತ್ತು. ಬೆಲ್ಟಿನ ಮೇಲೆ ಬೆಲ್ಟ್ ಬಿದ್ದು ರಾಶಿ ಏರಿ, ಗಾಜಿನಾಚೆ ಕೂತಿದ್ದವನ ಕೈ ಮರೆಯಾಯಿತು, ಎದೆ ಮರೆಯಾಯಿತು, ಕೊನೆಗೆ ಮುಖವೂ ಕಾಣದಾಯಿತು.