ಕೇಳಿಸಿದವರ ನಗು

ಸಾಬೂನು ಕಾರ್ಖಾನೆಯ ಪ್ರಚಾರ ವಿಭಾಗ ಅಂದರೆ ಉಗ್ರಾಣದ ಪಕ್ಕದ ಒಂದು ಕೋಣೆ, ಎರಡು ಕಂಪ್ಯೂಟರು, ಗೋಡೆಗೂ ಹತ್ತಿಕೊಂಡ ಸಾಬೂನಿನ ಘಾಟು. ಕಾರ್ಖಾನೆಯ ವಿಡಿಯೋಗಳಿಗೆ ಯಂತ್ರವೇ ಮಾತು ಕೇಳಿಸಿಕೊಂಡು ಅಡಿಬರಹ ಬರೆಯುತ್ತದೆ, ಬೇರೆ ಭಾಷೆಗಳಿಗೂ ತಾನೇ ಅನುವಾದಿಸುತ್ತದೆ. ಅದು ಎಡವಿದ ಕಡೆ ತಿದ್ದಿ ಇಂಟರ್‌ನೆಟ್ಟಿಗೆ ಏರಿಸುವುದು ಆ ಕೋಣೆಯಲ್ಲಿ ಕೂರುವ ಹೆಂಗಸಿನ ಕೆಲಸ. ಪ್ಯಾಕಿಂಗ್ ವಿಭಾಗದ ಕಿವುಡ ಹೆಂಗಸರು ಅವಳಿಗೆ ಅಕ್ಷರದಕ್ಕ ಎಂದು ಹೆಸರಿಟ್ಟಿದ್ದರು. ಅವೇ ವಿಡಿಯೋ ಓಡುವ ಊಟದ ಹಾಲ್‌ನ ಟಿವಿಯಲ್ಲಿ ಅವಳ ಅಕ್ಷರ ಬಂದರೆ ಮಾತ್ರ ಅವರಿಗೆ ಕಾರ್ಖಾನೆಯ ಸುದ್ದಿ ತಿಳಿಯುತ್ತಿತ್ತು.

ಬೆಳಿಗ್ಗೆ ಅವರಲ್ಲೊಬ್ಬಳ ಮೆಸೇಜು ಬಂದಿತ್ತು. ಕೈಯ ಚುರುಕಿಗೆ ಎಲ್ಲರೂ ಅವಳನ್ನು ಮಿಂಚು ಎನ್ನುತ್ತಿದ್ದರು. "ಅಕ್ಕಾ, ನಿನ್ನೆ ಸಭೇಲಿ ಸಾಹೇಬ್ರು ನಮ್ಮ ಕಡೆ ಕೈ ತೋರಿಸಿ ಏನೋ ಅಂದ್ರು. ಎಲ್ಲರೂ ನಕ್ಕರು. ಏನಂತ ಕೇಳಿದ್ರೆ, ನಿಮ್ಮನ್ನ ಹೊಗಳಿದ್ರು ಅಂತಾರೆ. ನಿಜಾನಾ?"

ಹೊಗಳಿಕೆಯಂತೆ ಹೊಗಳಿಕೆ! ಅಕ್ಷರದಕ್ಕ ಆ ಸಭೆಯ ವಿಡಿಯೋ ತೆರೆದಳು. ಮಾಲೀಕ ಸಾಹೇಬ್ರು ಮೈಕು ಹಿಡಿದು ನಿಂತಿದ್ದರು. ಯಂತ್ರ ಒಂದಕ್ಷರವೂ ತಪ್ಪದೆ ಬರೆದಿತ್ತು: "ಈ ಮೂಕ ದನಗಳನ್ನ ಯಾಕೆ ಸಾಕಿದ್ದೀನಿ ಗೊತ್ತಾ? ಮೇವೂ ಕಮ್ಮಿ, ಎದುರುಮಾತೂ ಇಲ್ಲ." ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಮಿಂಚು ಹಿಂತಿರುಗಿ ನೋಡಿದಳು. ಎಲ್ಲರೂ ನಗುತ್ತಿರುವುದನ್ನು ಕಂಡು ತಾನೂ ನಕ್ಕಳು, ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದಳು. ಅದು ಅವರ ಚಪ್ಪಾಳೆ.

ಅವಳ ಹಿಂದಿನ ಸಾಲಿನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವಳು ಅಕ್ಷರದಕ್ಕನೇ. ನಿನ್ನೆ ಹೇಗೆ ನಗು ಬಂತೋ ದೇವರೇ ಬಲ್ಲ. ಈಗ ನಾಚಿಕೆಗೂ ಸಿಟ್ಟಿಗೂ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಮ್ಯಾನೇಜರು ಒಳಗೆ ಬಂದರು. "ಆ ಸಾಲು ತೆಗೆದುಬಿಡಮ್ಮ. 'ಇವರೆಲ್ಲ ನಮ್ಮ ಮನೆಮಂದಿ' ಅಂತ ಹಾಕು. ಹೊರದೇಶದ ಗಿರಾಕಿಗಳೂ ಅನುವಾದ ಓದ್ತಾರೆ."

"ಆ ಮಾತನ್ನೇ ವಿಡಿಯೋದಿಂದ ಕತ್ತರಿಸಿಬಿಡ್ತೀನಿ ಸಾರ್."

"ಕತ್ತರಿಸೋ ಹಾಗಿಲ್ಲ. ಇಡೀ ಭಾಷಣದಲ್ಲಿ ಜನ ನಕ್ಕಿರೋದು ಅಲ್ಲೊಂದೇ ಕಡೆ. ಸಾಹೇಬ್ರಿಗೆ ಅದು ಬೇಕೇ ಬೇಕಂತೆ."

"ಅಂದ್ರೆ ಕಿವಿ ಕೇಳೋರು ಕೇಳಿ ನಗಬಹುದು. ಕೇಳದೋರು ಸುಳ್ಳು ಓದಿಕೊಂಡು ಖುಷಿಯಾಗಿರಬೇಕು. ಅಷ್ಟೇ ತಾನೆ?"

ಮ್ಯಾನೇಜರು ಕುರ್ಚಿ ಎಳೆದು ಕೂತರು. ಮನುಷ್ಯ ಕೆಟ್ಟವರೇನಲ್ಲ, ಅದೇ ಇನ್ನೂ ಮೈ ಉರಿಸುವ ಸಂಗತಿ. "ನೋಡು, ಗೊತ್ತಾದ್ರೆ ಆ ಹೆಣ್ಣುಮಕ್ಕಳ ಮನಸ್ಸು ನೋಯುತ್ತೆ. ಸಿಟ್ಟಲ್ಲಿ ಬಿಟ್ಟು ಹೋದ್ರೆ ಅವರಿಗೆ ಬೇರೆ ಯಾರು ಕೆಲಸ ಕೊಡ್ತಾರೆ? ಸಾಹೇಬ್ರ ಬಾಯಿ ಕೆಟ್ಟದ್ದು, ಕೊಡೋ ಅನ್ನ ಕೆಟ್ಟದ್ದಲ್ಲ. ನಿನಗೂ ಮನೇಲಿ ಮಕ್ಕಳಿದಾವೆ."

"ಅನ್ನ ಅವರು ದುಡಿದು ತಿಂತಿರೋದು ಸಾರ್."

"ನಿನ್ನ ಹತ್ರ ವಾದ ಮಾಡೋಕೆ ಬಂದಿಲ್ಲ. ತಿದ್ದೋಕೆ ತಾನೆ ನಿನ್ನನ್ನ ಇಟ್ಟಿರೋದು?" ಎಂದು ಅವರು ಎದ್ದು ಹೋದರು.

ಮಕ್ಕಳ ನೆನಪಾಗಿ ಅವಳು ಸಾಲು ಅಳಿಸಿ 'ಇವರೆಲ್ಲ ನಮ್ಮ ಮನೆಮಂದಿ' ಎಂದು ಟೈಪು ಹೊಡೆದಳು, ಮತ್ತೆ ವಿಡಿಯೋ ಓಡಿಸಿದಳು. ಮಿಂಚು ಕೈ ಎತ್ತಿ ಅಲ್ಲಾಡಿಸುವುದಕ್ಕೂ ಆ ಸುಳ್ಳಿಗೂ ಎಷ್ಟು ಚೆನ್ನಾಗಿ ಹೊಂದಿಕೆಯಾಗಿತ್ತೆಂದರೆ, ಅವಳು ವಿಡಿಯೋ ನಿಲ್ಲಿಸಿಬಿಟ್ಟಳು. ಯಂತ್ರ ಸರಿಯಾಗಿ ಬರೆದದ್ದನ್ನು ಕೆಡಿಸಲು ಮನುಷ್ಯರೇ ಬೇಕಾಯಿತಲ್ಲ. ಹಳೆಯ ಸಾಲನ್ನೇ ವಾಪಸು ತಂದು ವಿಡಿಯೋ ಏರಿಸಿದಳು. ಮಿಂಚುವಿಗೆ ಬರೆದಳು: "ಹೊಗಳಲಿಲ್ಲ ಕಣೆ. ಊಟದ ಹೊತ್ತಿಗೆ ಟಿವಿ ನೋಡು. ನಾನೂ ಅಲ್ಲೇ ಇರ್ತೀನಿ."

ಮಧ್ಯಾಹ್ನ ಊಟದ ಹಾಲ್‌ನಲ್ಲಿ ತಟ್ಟೆಗಳ ಸದ್ದು ಜೋರಾಗಿತ್ತು. ಆ ಸಾಲು ಬಂದಾಗ ಮಿಂಚುವಿನ ಕೈ ತಟ್ಟೆಯಲ್ಲೇ ನಿಂತಿತು. ಎದ್ದು ಹೋಗಿ ರಿಮೋಟು ತೆಗೆದುಕೊಂಡು ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಓದಿದಳು. ಅವಳ ಜೊತೆಯವರೂ ಓದಿದರು. ಈ ಸಲ ಯಾರೂ ನಗಲಿಲ್ಲ. ಮಿಂಚು ವಿಡಿಯೋ ನಿಲ್ಲಿಸಿ ಪರದೆಯ ಹತ್ತಿರ ಹೋಗಿ, ನಗುತ್ತಿದ್ದ ಅಕ್ಷರದಕ್ಕನ ಮುಖದ ಮೇಲೆ ಬೆರಳಿಟ್ಟು ಅವಳನ್ನೇ ನೋಡಿದಳು. ಅಕ್ಷರದಕ್ಕ ಹೌದೆಂದು ತಲೆಯಾಡಿಸಿದಳು. ತಪ್ಪಾಯಿತು ಎಂದು ಕೈ ಮುಗಿದಳು. ಮಿಂಚು ಮುಖ ತಿರುಗಿಸಿದಳು.

ಮ್ಯಾನೇಜರು ಏದುಸಿರು ಬಿಡುತ್ತ ಓಡಿಬಂದರು. "ಏನು ಮಾಡಿಬಿಟ್ಟೆ? ನಿನ್ನ ಕೆಲಸ ಹೋಯ್ತು ಅಂತ್ಲೇ ತಿಳ್ಕೊ. ಮೊದಲು ಇವರಿಗೆ ಏನಾದ್ರೂ ಹೇಳಿ ಸಮಾಧಾನ ಮಾಡು."

ಮಿಂಚು ಫೋನಿನಲ್ಲಿ ಏನೋ ಬರೆದಳು. ಅದನ್ನು ಅಕ್ಷರದಕ್ಕನ ಕೈಗೆ ತುರುಕಿ, ಓದು ಎಂದು ಸನ್ನೆ ಮಾಡಿದಳು. ಅಕ್ಷರದಕ್ಕ ಹಾಲ್‌ನ ಕೊನೆಯ ಮೇಜಿಗೂ ಕೇಳುವಂತೆ ಓದಿದಳು:

"ಸಾಹೇಬ್ರು ಇಲ್ಲಿಗೆ ಬರಲಿ. ನಮ್ಮ ಮುಖ ನೋಡಿ ಅದೇ ಮಾತು ಇನ್ನೊಂದು ಸಲ ಹೇಳಲಿ. ನಿಧಾನಕ್ಕೆ ಹೇಳಲಿ, ತುಟಿ ಕಾಣಬೇಕು. ಅಲ್ಲೀವರೆಗೂ ನಾವು ಏಳಲ್ಲ."

ಊಟದ ಹೊತ್ತು ಮುಗಿದು ಸೈರನ್ ಕೂಗಿತು. ಆ ಹೆಂಗಸರಿಗೆ ಅದು ಕೇಳಿಸಲಿಲ್ಲ. ಕೇಳಿಸಿದವರೂ ಏಳಲಿಲ್ಲ.