ಸವರುವ ಕೈ, ಒತ್ತುವ ಕೈ

ಬಾಗಿಲಿನ ದುಂಡು ಗಾಜು ಮತ್ತೆ ಮಸುಕಾಯಿತು, ನನ್ನದೇ ಉಸಿರು, ಸೆರಗಿನ ತುದಿಯಿಂದ ಒರೆಸಿದರೆ ಒಳಗೆ ಮೊದಲು ಕಾಣುವುದು ಅವಳ ಬೆನ್ನು, ನನ್ನ ಗುಬ್ಬಿಯ ಬೆನ್ನು, ಆಸ್ಪತ್ರೆಯ ಹಸಿರು ಅಂಗಿ ಹಿಂದೆ ತೆರೆದುಕೊಂಡಿದೆ, ಮಗಳು ದೊಡ್ಡ ರಬ್ಬರ್ ಚೆಂಡಿನ ಮೇಲೆ ಕುಳಿತು ಹಾಸಿಗೆಯ ದಿಂಬಿಗೆ ಮುಖವಿಟ್ಟಿದ್ದಾಳೆ, ಸೊಂಟ ನಿಧಾನವಾಗಿ ಸುತ್ತುತ್ತಿದೆ, ಬಲಕ್ಕೆ, ಹಿಂದಕ್ಕೆ, ಎಡಕ್ಕೆ — ಮತ್ತು ಆ ಸೊಂಟದ ಮೇಲೆ ಒಂದು ಕೈ, ನನ್ನದಲ್ಲ. ಬೀಗಿತ್ತಿಯದು. ಅಳಿಯನ ತಾಯಿ, ಮೂವತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದವಳು, ಅಂಗೈಯ ಬುಡವನ್ನು ಬೆನ್ನುಮೂಳೆ ಮುಗಿಯುವಲ್ಲಿ ಇಟ್ಟು, ಮೊಣಕೈ ನೆಟ್ಟಗೆ ಮಾಡಿ, ಮೈಭಾರವನ್ನೆಲ್ಲ ಬಿಟ್ಟು ಒತ್ತುತ್ತಾಳೆ, ಅಯ್ಯೋ ಅದು ಹಿಟ್ಟಲ್ಲ ಕಣಮ್ಮ, ನನ್ನ ಮಗಳು — ಕೈ ತೆಗೆದಾಗ ಅಲ್ಲೊಂದು ಬಿಳಿ ಗುರುತು, ಅಂಗೈಯಷ್ಟೇ ಅಗಲ, ಎಣಿಸುತ್ತೇನೆ, ಒಂದು, ಎರಡು, ಮೂರು, ಆಮೇಲೆ ಅದು ಮೆಲ್ಲಗೆ ಕೆಂಪಾಗುತ್ತದೆ. ಒಬ್ಬರೇ, ಎಂದಿದ್ದಳು ಬೆಳಿಗ್ಗೆ ಸಿಸ್ಟರ್, ಜೊತೆಗೆ ಒಬ್ಬರೇ ಒಳಗೆ, ಯಾರು ಬರ್ತೀರ. ನಾನು ಚೀಲ ಹೆಗಲಿಗೇರಿಸಿ ಆಗಲೇ ಕಾಲೆತ್ತಿದ್ದೆ, ಚೀಲದಲ್ಲಿ ಅವಳ ಕಾಲುಚೀಲ, ಬಾಚಣಿಗೆ, ತುಟಿ ಒಣಗಿದರೆ ಹಚ್ಚಲು ಚೂರು ಬೆಣ್ಣೆ, ಅತ್ತೆ ಬರ್ಲಿ ಎಂದಳು ಮಗಳು, ನನ್ನ ಕಡೆ ನೋಡದೆ, ಆಮೇಲೆ ನೋಡಿ, ಅಮ್ಮ ಬೇಜಾರ್ ಮಾಡ್ಕೋಬೇಡ, ನಿನ್ನ ಮುಖ ನೋಡಿದ್ರೆ ನಂಗೆ ನೋವು ಜಾಸ್ತಿಯಾಗತ್ತೆ. ಬೇಜಾರೇನು ಕಂದ, ಹೋಗು ಹೋಗು, ಎಂದೆ, ನಕ್ಕೆ ಕೂಡ, ಎಷ್ಟು ಚೆನ್ನಾಗಿ ನಕ್ಕೆನೆಂದರೆ ಅಳಿಯ ನೆಮ್ಮದಿಯಾಗಿ ಬಿಸ್ಕತ್ತು ತರಲು ಹೋದ. ಎತ್ತಿದ ಕಾಲನ್ನು ಎಲ್ಲಿ ಇಡುವುದೆಂದು ಮಾತ್ರ ತಿಳಿಯಲಿಲ್ಲ.

ತಪ್ಪು ನನ್ನದೇ ಇರಬಹುದು, ಇರಬಹುದೇನು, ನನ್ನದೇ. ಆರು ಶನಿವಾರಗಳ ತರಗತಿ, ಮಾತ್ರೆ ಇಂಜೆಕ್ಷನ್ ಇಲ್ಲದೆ ಹೆರಿಗೆ ನೋವನ್ನು ಹಗುರ ಮಾಡಿಕೊಳ್ಳುವುದು ಹೇಗೆಂದು ಕಲಿಸುತ್ತಾರೆ, ಉಸಿರು, ನಡಿಗೆ, ಬಿಸಿನೀರು, ಸೊಂಟ ಒತ್ತುವುದು, ಜೊತೆಗೊಬ್ಬರು ಬರಬೇಕಂತೆ ನೀನು ಬಾ ಅಮ್ಮ, ಎಂದು ಮೊದಲು ಕರೆದದ್ದು ನನ್ನನ್ನೇ, ಮೊದಲು ನನ್ನನ್ನೇ, ಇದನ್ನು ಯಾರಾದರೂ ಬೀಗಿತ್ತಿಗೆ ಹೇಳಬೇಕು. ಆಗ ನಾನು ಟೈಲರ್ ಅಂಗಡಿಯಿಂದ ತಂದ ಅಂಗಿಗಳಿಗೆ ಕಾಜಾ ಹಾಕುತ್ತಿದ್ದೆ, ಬಾಯಲ್ಲಿ ದಾರ, ಹೆರೋದಕ್ಕೂ ಟ್ಯೂಷನ್ನಾ, ನಿನ್ನ ಹೆತ್ತೋಳಿಗೆ ಯಾವ ಕ್ಲಾಸು ಕಣೇ, ಎಂದು ನಕ್ಕುಬಿಟ್ಟೆ. ಅಳಿಯನನ್ನು ಕರೆದುಕೊಂಡು ಹೋದಳು, ಅವನು ಮೊದಲ ದಿನವೇ ಹೆರಿಗೆಯ ವಿಡಿಯೊ ನೋಡಿ ತಲೆ ತಿರುಗಿ ಬಿದ್ದ, ಪಕ್ಕದ ಎರಡು ಕುರ್ಚಿ ಸಮೇತ. ಮುಂದಿನ ಶನಿವಾರದಿಂದ ಬೀಗಿತ್ತಿ, ಬೆಳಗಿನ ಪಾಳಿ ಮುಗಿಸಿ, ಕಿವಿಯ ಹಿಂದಿನ ಹಿಟ್ಟನ್ನೂ ತೊಳೆಯದೆ. ಆಮೇಲೆ ಫೋನಿನಲ್ಲಿ ಬರೀ ಅತ್ತೆ ಹೀಗೆ ಅತ್ತೆ ಹಾಗೆ, ಅತ್ತೆ ಒತ್ತಿದ್ರೆ ಟೀಚರ್ರೇ ನೋಡ್ತಾ ನಿಂತ್ಬಿಟ್ರಮ್ಮ — ಹೌದಾ, ಒಳ್ಳೇದಾಯ್ತಲ್ಲ ಮಗಳೇ, ಎಂದು ನಾನು, ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡು. ನನಗೆ ಬರುವುದು ಸವರುವುದು. ಜ್ವರ ಬಂದಾಗ ಹಣೆ ಸವರಿದ್ದೇನೆ, ಲೆಕ್ಕದ ಪರೀಕ್ಷೆ ಕೆಟ್ಟಾಗ ಕೂದಲು, ಬಿದ್ದಾಗ ಮಂಡಿ, ಈ ಕೈ ಜೋರಾಗಿ ಒಂದು ಡಬ್ಬಿಯ ಮುಚ್ಚಳವನ್ನೂ ಒತ್ತಿದ್ದಿಲ್ಲ. ಹೋದ ವಾರ ಸುಳ್ಳುನೋವು ಬಂದಾಗ ಓಡಿ ಹೋಗಿ ಬೆನ್ನು ಸವರಿದೆ, ಆಯ್ತು ಕಂದ, ಹೋಯ್ತು ಚಿನ್ನ, ಇನ್ನೇನು ಹೋಯ್ತು, ಎನ್ನುತ್ತ, ಅವಳು ಮೈ ಕೊಡವಿದಳು, ನೊಣ ಓಡಿಸುವ ಹಾಗೆ, ಸವರಬೇಡಮ್ಮ ಮೈಯೆಲ್ಲ ಉರಿಯತ್ತೆ, ಮಾತಾಡ್ಬೇಡ. ನೊಣ. ಮುಖ ನೋಡಿದರೆ ನೋವಂತೆ, ಯಾಕಿರಬಾರದು, ವರ್ಷಾವರ್ಷ ಅವಳು ಹುಟ್ಟಿದ ದಿನ ತಪ್ಪದೆ ಹೇಳಿದ್ದೇನೆ, ನಿನ್ನ ಹೆರೋವಾಗ ಮೂರು ಬೀದಿಗೆ ಕೇಳೋ ಹಾಗೆ ಕಿರುಚಿದೀನಿ ಕಣೇ, ಇಪ್ಪತ್ತಾರು ಗಂಟೆ, ಪ್ರೀತಿಯಿಂದಲೇ ಹೇಳಿದ್ದು, ಅವಳು ಕೇಕು ತಿನ್ನುತ್ತ ಕೇಳಿದಳು, ಕೇಳಿ ಕೇಳಿ ನನ್ನ ಮುಖದಲ್ಲಿ ಆ ಇಪ್ಪತ್ತಾರು ಗಂಟೆ ಅಂಟಿಕೊಂಡುಬಿಟ್ಟಿತೇನೋ.

ಈಗ ನೀರಿನ ಸದ್ದು, ಬೀಗಿತ್ತಿ ಅವಳನ್ನು ಬಿಸಿನೀರಿನ ಕೆಳಗೆ ನಿಲ್ಲಿಸಿದ್ದಾಳೆ, ಗಾಜಿನಲ್ಲಿ ಯಾರೂ ಇಲ್ಲ, ಚೆಂಡು ಒಂದೇ ತಾನಾಗಿ ಸ್ವಲ್ಪ ಉರುಳಿ ನಿಲ್ಲುತ್ತದೆ, ಊದು, ಮೇಣದಬತ್ತಿ ಆರಿಸೋ ಹಾಗೆ ಊದು, ಬಂಗಾರಿ, ಎನ್ನುತ್ತಾಳೆ ಬೀಗಿತ್ತಿ, ಬಂಗಾರಿಯಂತೆ, ಎಂದಿನಿಂದ. ಬಚ್ಚಲಿನಿಂದ ಹೊರಗೆ ಬಂದರು, ಕೂದಲು ಒದ್ದೆ, ಇಬ್ಬರ ಹಣೆಗಳೂ ಒಂದಕ್ಕೊಂದು ತಾಗಿವೆ, ತೋಳು ತೋಳಲ್ಲಿ, ಹಾಡಿಲ್ಲದೆ ಕುಣಿಯುವವರಂತೆ ತೂಗಾಡುತ್ತಾರೆ, ಮಗಳ ಬಾಯಿ ಅವಳ ಹೆಗಲಿನಲ್ಲಿ, ಆ ಹೆಗಲು ನನ್ನದಾಗಿರಬೇಕಿತ್ತು, ನಾನು ಕುಳ್ಳಿ, ಅವಳ ಬಾಯಿಗೆ ನನ್ನ ನೆತ್ತಿ ಸಿಗುತ್ತಿತ್ತು ಅಷ್ಟೆ, ಆದರೂ. ಮತ್ತೆ ಚೆಂಡು, ಮತ್ತೆ ಆ ಕೈ, ಆ ಬಿಳಿ ಗುರುತು, ಒಂದು, ಎರಡು, ಮೂರು, ಕೆಂಪು. ಬೀಗಿತ್ತಿಗೆ ಕೈ ಸೋಲಲಿ ದೇವರೇ, ಇಂಥದನ್ನು ಬೇಡಿದೆನಲ್ಲ, ಮಗಳು ಅಲ್ಲಿ ನರಳುತ್ತಿರುವಾಗ, ಥೂ. ಬಾಗಿಲು ದಡಾರನೆ ತೆರೆಯಿತು, ಅವಳೇ, ಮುಖವೆಲ್ಲ ಬೆವರು, ಬೀಗರೇ ಬನ್ನಿ ಬನ್ನಿ, ಮೂರು ಗಂಟೆಯಿಂದ ತಡ್ಕೊಂಡಿದೀನಿ, ಒಳಗಿರೋದು ಬರೀ ಬಚ್ಚಲು, ಟಾಯ್ಲೆಟ್ಟಿಗೆ ಹೋಗ್ದಿದ್ರೆ ಈಗ ನಂಗೇ ಹೆರಿಗೆ ಆಗತ್ತೆ, ಸಿಸ್ಟರ್ ಹೂಂ ಅಂದಿದಾರೆ, ಒಂದೆರಡು ನೋವು ನೋಡ್ಕೊಳ್ಳಿ ಸಾಕು, ಸವರಬೇಡಿ, ಒತ್ತಿ, ಮಾತಾಡಿಸ್ಬೇಡಿ. ನನ್ನ ಮಗಳನ್ನು ಹೇಗೆ ಮುಟ್ಟಬೇಕೆಂದು ನನಗೆ ಹೇಳಿ ಓಡಿದಳು.

ಕೋಣೆ ಬಿಸಿ, ಸಾಬೂನಿನ ವಾಸನೆ, ಮೂಲೆಯಲ್ಲಿ ಸಿಸ್ಟರ್ ಏನೋ ಬರೆಯುತ್ತಿದ್ದಾಳೆ, ಮಗಳು ತಲೆ ಎತ್ತಲಿಲ್ಲ, ದಿಂಬಿನಲ್ಲಿ ಮುಖ, ಬಾಗಿಲ ಸದ್ದಾದದ್ದೂ ತಿಳಿದ ಹಾಗಿಲ್ಲ, ಎಲ್ಲೋ ಒಳಗೆ ದೂರ ಹೋಗಿದ್ದಾಳೆ. ಕುತ್ತಿಗೆಯಲ್ಲಿ ಹುಟ್ಟಿದಾಗಿನ ಅದೇ ಮಚ್ಚೆ. ನೋವು ಬರುತ್ತಿದೆ, ಬೆನ್ನು ಹೇಳುತ್ತದೆ, ಭುಜ ಮೇಲೇರುತ್ತದೆ, ನನ್ನ ಕೈ ತಾನಾಗಿ ಮಚ್ಚೆಯ ಕಡೆಗೆ, ಸವರಲು — ಹಿಡಿದು ಹಿಂದಕ್ಕೆಳೆದೆ, ಕೆಂಪು ಗುರುತಿನ ಮೇಲೆ ಅಂಗೈ ಇಟ್ಟು ಒತ್ತಿದೆ, ಜೋರು, ಎಂದಳು, ಇನ್ನೂ ಒತ್ತಿದೆ, ಇನ್ನೂ ಜೋರು, ಎಲುಬಿದೆ ಅಲ್ಲಿ, ನನ್ನ ಮಗುವಿನ ಎಲುಬು, ಹೇಗೆ ಒತ್ತಲಿ, ಆಗುವುದಿಲ್ಲ — ಅತ್ತೆ ಬರ್ಲಿ, ಟೀಚರ್ರೇ ನೋಡ್ತಾ ನಿಂತ್ಬಿಟ್ರಮ್ಮ, ಬಂಗಾರಿ, ನೊಣ, ಹಣೆಗೆ ಹಣೆ, ಎಲ್ಲವೂ ಒಟ್ಟಿಗೆ ಹೆಗಲಿಗೆ ಬಂದವು, ಹೆಗಲಿನಿಂದ ಮೊಣಕೈಗೆ, ಮೊಣಕೈ ನೆಟ್ಟಗಾಯಿತು, ಹಿಮ್ಮಡಿ ನೆಲ ಬಿಟ್ಟಿತು, ಯಾರ ಮೇಲಿನ ಸಿಟ್ಟೋ ಆ ಸಿಟ್ಟಿನಿಂದ ಒತ್ತಿದೆ, ಹೆತ್ತವಳು ಹೀಗೆ ಒತ್ತುತ್ತಾಳೆಯೇ, ಈಗ ಕಿರುಚುತ್ತಾಳೆ, ಈಗ — ಉದ್ದನೆಯ ಒಂದು ಉಸಿರು ಬಂತು ಅವಳಿಂದ, ಮೇಣದಬತ್ತಿ ಆರಿಸುವಂಥದು, ಭುಜ ಇಳಿಯಿತು, ಹಾಂ, ಅಲ್ಲೇ, ಬಿಡಬೇಡಿ ಅತ್ತೆ. ಅತ್ತೆ. ನಾನು ಕಣೇ, ನಾನು, ಬಾಯಿ ತೆರೆದಿತ್ತು, ನಾಲಿಗೆಯ ತುದಿಯಲ್ಲಿ ಕಂದ ಎಂಬುದು ಕುಳಿತಿತ್ತು, ಹೇಳಿದರೆ ತಿರುಗುತ್ತಾಳೆ, ತಿರುಗಿದರೆ ಈ ಮುಖ. ನುಂಗಿದೆ. ಹಿಂದೆ ಬಾಗಿಲು ಮೆಲ್ಲಗೆ ಸರಿಯಿತು, ಬೀಗಿತ್ತಿ, ಒದ್ದೆ ಕೈ, ನನ್ನ ನೆಟ್ಟಗಿನ ಮೊಣಕೈ ನೋಡಿದಳು, ನಾನು ಜಾಗ ಬಿಡಲಿಲ್ಲ, ಬಿಡುವುದಿಲ್ಲ ಎಂದು ತಲೆಯಾಡಿಸಿದೆ, ತುಟಿಯ ಮೇಲೆ ಬೆರಳಿಟ್ಟೆ, ಸಿಸ್ಟರ್ ನಮ್ಮಿಬ್ಬರನ್ನೂ ನೋಡಿ ನೋಡದವಳಂತೆ ಪುಟ ತಿರುಗಿಸಿದಳು. ಮುಂದಿನ ನೋವು. ನಾನು ಒತ್ತಿದೆ, ನನ್ನ ಕಿವಿಯ ಪಕ್ಕದಿಂದ ಬೀಗಿತ್ತಿ ಹೇಳತೊಡಗಿದಳು, ಊದು ಬಂಗಾರಿ, ಊದು, ಅವಳ ದನಿ, ನನ್ನ ಕೈ, ಥ್ಯಾಂಕ್ಸ್ ಅತ್ತೆ, ಎಂದಳು ದಿಂಬಿನೊಳಗಿಂದ ನನ್ನ ಮಗಳು, ಇರಲಿ, ಅದೂ ಅವಳಿಗೇ ಇರಲಿ, ಇರಲಿ ಅನ್ನುತ್ತೇನೆ, ಹೊಟ್ಟೆ ಉರಿಯುತ್ತದೆ, ಇರಲಿ, ನೋವು ಇಳಿಯಿತು, ಕೈ ಎತ್ತಿದೆ, ಬೀಗಿತ್ತಿಯ ಅಗಲವಾದ ಕೆಂಪು ಗುರುತಿನ ನಡುವೆ ನನ್ನ ಸಣ್ಣ ಅಂಗೈ, ಬಿಳಿಯಾಗಿ, ಒಂದು, ಎರಡು, ಮೂರು, ಇನ್ನೂ ಬಿಳಿ, ನಾಲ್ಕು, ಇನ್ನೂ