ಮುಡಿಗೆ ಬಿಟ್ಟ ಕೂದಲು

ಮಗ ಈ ರೇಸ್ ಸೀಸನ್ನು ಮುಗಿಸಿಕೊಂಡು ಜೀವಸಹಿತ ಮನೆಗೆ ಬಂದರೆ ಅವನ ತಲೆಯ ಮುಡಿ ನಿನಗೆ ಎಂದು ನನ್ನ ಅತ್ತೆ ಸಾಕಮ್ಮ ನಂಜುಂಡನಿಗೆ ಮಾತು ಕೊಟ್ಟದ್ದು ತೊಂಬತ್ತೇಳನೇ ಇಸವಿಯ ಜೂನ್‌ನಲ್ಲಿ. ದೇವಸ್ಥಾನದಲ್ಲಿ ನಿಂತು ಕೊಟ್ಟ ಮಾತಲ್ಲ. ನರಸೀಪುರದ ನಮ್ಮ ಬಾಡಿಗೆ ಮನೆಯ ಬಚ್ಚಲ ಬಾಗಿಲಲ್ಲಿ ಕೂತು ಸೀಗೆಪುಡಿ ಕಲಸುತ್ತಿದ್ದವರು, ನಂಜನಗೂಡು ಯಾವ ದಿಕ್ಕಿಗಿದೆ ಎಂದು ಅಂದಾಜು ಮಾಡಿ ಆ ಕಡೆ ತಿರುಗಿ ಹೇಳಿದರು. ನಾನು ಮಗಳು ಸಂಘಮಿತ್ರಾಳಿಗೆ ಜಡೆ ಹಾಕುತ್ತಿದ್ದೆ. ಹೆಮ್ಮಿಗೆಯ ಶಾಲೆಗೆ ಪಾಠ ಮಾಡಲು ಹೋಗುವ ಬಸ್ಸಿನ ಹೊತ್ತಾಗಿತ್ತು. ಕೇಳಿಸಿಕೊಂಡು ಹೊರಟೆ.

ಮಾವ ಮಾದು ಮಾತ್ರ ಸುಮ್ಮನಿರಲಿಲ್ಲ. ಅವರು ರಸ್ತೆ ಗ್ಯಾಂಗಿನಲ್ಲಿ ಟಾರು ಹಾಕಿ ಹಾಕಿ ನಿವೃತ್ತರಾದವರು. ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಯಾವ ಗುಡಿಗೂ ಕೈ ಮುಗಿದವರಲ್ಲ. ಮೊಮ್ಮಗಳಿಗೆ ಹೆಸರಿಟ್ಟವರೂ ಅವರೇ.

“ನಾನು ದೇವ್ರ ಬುಟ್ಟು ಎಷ್ಟು ವರ್ಸ ಆಯ್ತಮ್ಮಿ? ನೀನಿನ್ನೂ ಅವನ ತಾವ ಯಾಪಾರ ಮಾಡ್ತಾ ಕೂತಿದ್ದೀಯಲ್ಲ” ಅಂದರು.

“ನಿನ್ನ ತಲೆ ಕೇಳಿದ್ನಾ ನಾನು? ನಿನ್ನ ತಲೇಲಿ ಕೊಡಕ್ಕೆ ಏನದೆ?” ಅಂದರು ಅತ್ತೆ. ಮಾವನ ತಲೆ ಪೂರಾ ಬೋಳು.

ಮುಡಿ ಕೊಡಬೇಕಾಗಿದ್ದವರು ನನ್ನ ಗಂಡ ಶಿವಮೂರ್ತಿ. ಹದಿನಾರು ಅನ್ನುವ ಊರಿನ ಹುಡುಗ, ನಂಜನಗೂಡಿನ ಗ್ಯಾರೇಜಿನಲ್ಲಿ ಬೈಕು ರಿಪೇರಿ ಕಲಿತವರು. ರಿಪೇರಿ ಆದ ಬೈಕನ್ನು ಟ್ರಯಲ್ ನೋಡುತ್ತೇನೆಂದು ಊರಾಚೆಗೆ ಒಯ್ದು ಓಡಿಸುತ್ತಿದ್ದ ರೀತಿ ನೋಡಿ ಗಿರಾಕಿಗಳು ಬೈಕು ವಾಪಸ್ಸು ಕೇಳಲು ಹೆದರುತ್ತಿದ್ದರಂತೆ. ಮೈಸೂರಿನಲ್ಲಿ ಬೈಕ್ ಶೋರೂಮು ಇಟ್ಟಿದ್ದ ನರೇಂದ್ರ ಅನ್ನುವವರು ಅವರನ್ನು ತಮ್ಮ ರೇಸ್ ಟೀಮಿಗೆ ಸೇರಿಸಿಕೊಂಡು ತಿಂಗಳ ಸಂಬಳ ಕೊಡುತ್ತಿದ್ದರು. ರೇಸ್ ನಡೆಯುತ್ತಿದ್ದದ್ದು ಮದ್ರಾಸಿನ ಹತ್ತಿರದ ಟ್ರ್ಯಾಕಿನಲ್ಲಿ. ಜೂನ್‌ನಿಂದ ಫೆಬ್ರವರಿಯವರೆಗೆ ಆರು ಸುತ್ತು. ಪ್ರತಿ ಸುತ್ತಿನ ಪಾಯಿಂಟು ಕೂಡಿಸಿ ಕೊನೆಗೆ ಚಾಂಪಿಯನ್ ಯಾರು ಅಂತ ಹೇಳುತ್ತಾರೆ. ನಮ್ಮ ಬೀದಿಯವರಿಗೆ ಇದು ಕೆಲಸ ಅಂತಲೇ ಅನ್ನಿಸುತ್ತಿರಲಿಲ್ಲ. ನಿಮ್ಮ ಯಜಮಾನರಿಗೆ ಕೆಲಸ ಸಿಕ್ಕಿತೇ ಎಂದು ಕೇಳುತ್ತಲೇ ಇದ್ದರು.

ಹರಕೆ ಹೊತ್ತ ಮೇಲೆ ಕೂದಲಿಗೆ ಕತ್ತರಿ ತಾಗಿಸುವಂತಿಲ್ಲ. ಹೆಲ್ಮೆಟ್ಟಿನ ಒಳಗೆ ಸೆಕೆ ಕಣವ್ವ ಎಂದು ಇವರು ಒಂದೆರಡು ಸಲ ಹೇಳಿ ನೋಡಿದರು. ಅತ್ತೆ ಅಳುವುದಕ್ಕೆ ಶುರು ಮಾಡಿದರು. ಇವರು ಬೀಳುವುದಕ್ಕೆ ಹೆದರದಿದ್ದರೂ ಅವ್ವ ಅಳುವುದಕ್ಕೆ ಹೆದರುತ್ತಿದ್ದರು. ಒಪ್ಪಿಕೊಂಡರು.

ನಾನು ಆ ವರ್ಷ ರೇಸನ್ನು ಕಣ್ಣಿಂದ ನೋಡಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಗೋವಿಂದಮ್ಮನ ಎಸ್‌ಟಿಡಿ ಬೂತಿತ್ತು, ನಮ್ಮ ಮನೆಗೆ ಕೂಗಿದರೆ ಕೇಳಿಸುವಷ್ಟು ದೂರ. ರೇಸ್ ಮುಗಿದ ಭಾನುವಾರ ಸಂಜೆ ಇವರು ಅಲ್ಲಿಗೆ ಫೋನು ಮಾಡುತ್ತಿದ್ದರು. ನಾನು ಹೋಗುವಷ್ಟರಲ್ಲಿ ಗೋವಿಂದಮ್ಮ ಅರ್ಧ ವಿಷಯ ತಿಳಿದುಕೊಂಡು ಬೀದಿಗೇ ಹೇಳಿಬಿಟ್ಟಿರುತ್ತಿದ್ದಳು. “ಟೀಚರಮ್ಮ, ಬನ್ನಿ ಬನ್ನಿ. ನಿಮ್ಮ ಯಜಮಾನ್ರು ಬಿದ್ದಿಲ್ವಂತೆ” ಎಂದು ಅವಳು ಕೂಗಿದರೆ ಆಚೆ ಟೀ ಅಂಗಡಿಯಲ್ಲಿದ್ದವರೂ ನನ್ನ ಮುಖ ನೋಡುತ್ತಿದ್ದರು.

ಮೊದಲ ಸುತ್ತಿನಲ್ಲಿ ನಾಲ್ಕನೆಯವರು. ಎರಡನೆಯದರಲ್ಲಿ ಮಳೆ ಬಂತು, ಒದ್ದೆ ಟ್ರ್ಯಾಕಿನಲ್ಲಿ ಉಳಿದವರು ಬ್ರೇಕು ಹಿಡಿದ ಕಡೆ ಇವರು ಹಿಡಿಯಲಿಲ್ಲವಂತೆ, ಗೆದ್ದರು. ನಮ್ಮೂರ ಕೆಸರಲ್ಲಿ ಓಡಿಸಿದವನಿಗೆ ಅದೇನು ಮಳೆ ಎಂದು ಮಾವ ಟೀ ಅಂಗಡಿಯಲ್ಲಿ ಹೇಳಿಕೊಂಡು ಬಂದರು. ಮೂರನೆಯದರಲ್ಲಿ ಬಿದ್ದು, ಭುಜದಿಂದ ಮೊಣಕೈವರೆಗೆ ಚರ್ಮ ಕಿತ್ತುಕೊಂಡು ಬಂದರು. ಆ ವಾರ ನಾನು ಬೆಳಿಗ್ಗೆ ಎದ್ದು ಅವರ ತೋಳಿಗೆ ಅಂಟಿಕೊಂಡ ಬಟ್ಟೆಯನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿ, ಮಗಳಿಗೆ ಉಪ್ಪಿಟ್ಟು ಕಟ್ಟಿ, ಬಸ್ಸು ಹಿಡಿಯುತ್ತಿದ್ದೆ. ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಕೈಯಲ್ಲಿ ಮುಲಾಮಿನ ವಾಸನೆ. ಜೀವ ಉಳಿಯಿತಲ್ಲ, ನೋಡಿದೆಯಾ ಎಂದು ಅತ್ತೆ ಹರಕೆಯ ಲೆಕ್ಕಕ್ಕೆ ಅದನ್ನೂ ಸೇರಿಸಿದರು.

ಕೂದಲು ಕಿವಿ ದಾಟಿ ಕತ್ತಿಗೆ ಬಂತು. ಇವರದ್ದು ದಟ್ಟ, ಗುಂಗುರು ಕೂದಲು. ನಾಲ್ಕನೇ ಸುತ್ತನ್ನು ಗೆದ್ದರು, ಆದರೆ ಹೆಲ್ಮೆಟ್ ಎಷ್ಟು ಬಿಗಿಯಾಗಿತ್ತೆಂದರೆ ಬಿಚ್ಚುವಾಗ ಕಿವಿಯ ಮೇಲಿನ ಚರ್ಮ ಸುಲಿದಿತ್ತು, ಎರಡು ದಿನ ತಲೆನೋವೆಂದು ಕತ್ತಲೆ ಕೋಣೆಯಲ್ಲಿ ಮಲಗಿದರು. ಕೂದಲು ಕತ್ತರಿಸಿಕೋ, ಇಲ್ಲ ದೊಡ್ಡ ಸೈಜಿನ ಹೆಲ್ಮೆಟ್ ತಗೋ, ಎರಡರಲ್ಲಿ ಒಂದು ಎಂದು ನರೇಂದ್ರ ಹೇಳಿದರಂತೆ. ಅವರ ತಾಯಿಯ ಕಡೆಯವರೂ ಹರಕೆ ಹೊರುವವರೇ, ಹಾಗಾಗಿ ಮೊದಲನೆಯದನ್ನು ಒತ್ತಾಯ ಮಾಡಲಿಲ್ಲ. ದೊಡ್ಡ ಹೆಲ್ಮೆಟ್ ಬಂತು. ಟೀಮಿನ ಮೆಕ್ಯಾನಿಕ್ ಮರಿಸ್ವಾಮಿ, ಬಿಳಿಗೆರೆಯವನು, ಅದನ್ನು ಬೆರಳಿನಿಂದ ತಟ್ಟಿ, ಇದರಲ್ಲಿ ಅಣ್ಣನ ತಲೆ ಜೊತೆಗೆ ಒಂದು ಸೇರು ಅಕ್ಕಿನೂ ಇಡಬಹುದು ಕಣಕ್ಕಾ ಎಂದು ನಗಿಸಿದ.

ಐದನೇ ಸುತ್ತಿನಲ್ಲಿ ಎರಡನೆಯವರು. ಒಟ್ಟು ಪಾಯಿಂಟಿನಲ್ಲಿ ಮುಂದಿದ್ದದ್ದು ಪುಣೆಯ ಒಬ್ಬ, ಅವನ ಹಿಂದೆಯೇ ಇವರು. ಕೊನೆಯ ಸುತ್ತಿನಲ್ಲಿ ಅವನಿಗಿಂತ ಮುಂದೆ ಗೆರೆ ದಾಟಿದರೆ ಚಾಂಪಿಯನ್.

ಮದ್ರಾಸಿಗೆ ಹೊರಡುವ ಪ್ರತಿ ಗುರುವಾರ ಬೆಳಿಗ್ಗೆ ಅತ್ತೆ ಮಗನ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದರು. ಆ ಊರಿನ ಉಷ್ಣ ತಲೆಗೇರಬಾರದು, ಮುಡಿಗೆ ಬಿಟ್ಟ ಕೂದಲು ಜಟೆಗಟ್ಟಬಾರದು ಎಂದು. ತಟ್ಟಿ, ನೆನೆಯಲು ಬಿಟ್ಟು, ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದೇ ಕಳಿಸುತ್ತಿದ್ದರು. ಫೆಬ್ರವರಿಯ ಆ ಗುರುವಾರ ಎಣ್ಣೆ ತಟ್ಟಿ ಒಲೆಯ ಮೇಲೆ ನೀರಿಟ್ಟಿದ್ದರು, ನೀರು ಕಾಯುವ ಮೊದಲೇ ಟೀಮಿನ ವ್ಯಾನು ಬಂದು ಹಾರ್ನು ಹೊಡೆಯಿತು. ಅಲ್ಲೇ ತೊಳಕೊತೀನಿ ಬುಡವ್ವ ಎಂದು ಇವರು ತಲೆಗೆ ಟವೆಲು ಸುತ್ತಿಕೊಂಡು ವ್ಯಾನು ಹತ್ತಿದರು. ಹತ್ತುವಾಗ ಮಗಳ ಕೆನ್ನೆಗೆ ಎಣ್ಣೆ ಮೆತ್ತಿತು. ಅವಳು ಅದನ್ನು ನನ್ನ ಸೆರಗಿಗೆ ಒರೆಸಿದಳು.

ಭಾನುವಾರ ಗೋವಿಂದಮ್ಮ ಕೂಗಲಿಲ್ಲ. ಬೂತು ಬಿಟ್ಟು ನಡೆದುಕೊಂಡು ಮನೆ ಬಾಗಿಲಿಗೆ ಬಂದಳು. ಅವಳು ಬಾಗಿಲಲ್ಲಿ ನಿಂತದ್ದು ನೋಡಿಯೇ ನಾನು ಬ್ಯಾಗಿಗೆ ಬಟ್ಟೆ ತುಂಬಿಕೊಂಡೆ.

ಮದ್ರಾಸಿನ ಆಸ್ಪತ್ರೆಯಲ್ಲಿ ತಲೆಬುರುಡೆ ತೆರೆದು ರಕ್ತ ತೆಗೆಯಬೇಕೆಂದರು. ಅದಕ್ಕೆ ಮೊದಲು ತಲೆ ಬೋಳಿಸಬೇಕು. ಇದು ತಿಳಿದ ಕೂಡಲೇ ಅತ್ತೆ ಆಪರೇಷನ್ ಕೋಣೆಯ ಬಾಗಿಲಿಗೆ ಅಡ್ಡ ನಿಂತರು. ನಾನು ಎಳೆಯಲು ಹೋದೆ. ಅವರು ತಡೆಯಲು ನಿಂತಿರಲಿಲ್ಲ. ಬಂದ ಆಯಾಳ ಕೈ ಹಿಡಿದುಕೊಂಡು, ಕನ್ನಡದಲ್ಲೇ, ಮುಡಿ, ಮುಡಿ ಎಂದು ತಮ್ಮ ತಲೆ ಮುಟ್ಟಿ ತೋರಿಸುತ್ತಿದ್ದರು. ತಮಿಳಿನವರು ಕೂದಲಿಗೆ ಹಾಗೇ ಅನ್ನುವುದು. ಆಯಾ ಒಂದು ಮಾತೂ ಕೇಳಲಿಲ್ಲ, ತಲೆ ಆಡಿಸಿ ಒಳಗೆ ಹೋದಳು. ಆಮೇಲೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಪೂರಾ ಕೂದಲನ್ನು ತಂದುಕೊಟ್ಟಳು. ಅಲ್ಲಲ್ಲಿ ರಕ್ತ ಅಂಟಿತ್ತು. ಅತ್ತೆ ಅದನ್ನು ನನ್ನ ಕೈಗೆ ಕೊಟ್ಟು, “ಅವನು ಮನೆಗೆ ಬರೋಗಂಟ ಮಡಗಿರು ಮಗಾ. ನನ್ನ ಕೈಲಿ ಕಳೆದೋದಾತು” ಅಂದರು.

ಮೂರನೇ ದಿನವೋ ನಾಲ್ಕನೇ ದಿನವೋ ಮರಿಸ್ವಾಮಿ ಹೆಲ್ಮೆಟ್ ತಂದ, ಗೋಣಿ ಚೀಲದಲ್ಲಿ ಸುತ್ತಿ. ಅತ್ತೆ ಮುಖ ತೊಳೆಯಲು ಹೋಗಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅವನು ಹೇಳಿದ. ಲಾಡ್ಜಿನಲ್ಲಿ ಬರೀ ಉಪ್ಪುನೀರು. ಅಣ್ಣ ಎರಡು ದಿನ ಸೋಪು ಹಾಕಿ ತಿಕ್ಕಿದರೂ ನೊರೆ ಬರಲಿಲ್ಲ, ಎಣ್ಣೆ ಬಿಡಲಿಲ್ಲ. ಪ್ರಾಕ್ಟೀಸಿನಲ್ಲೇ ಹೆಲ್ಮೆಟ್ ಅಲ್ಲಾಡುತ್ತದೆ ಅಂದಿದ್ದರು, ತಲೆಗೊಂದು ಬಟ್ಟೆ ಕಟ್ಟಿಕೊಂಡರು. ರೇಸಿನಲ್ಲಿ ಬೆವತು ಬಟ್ಟೆಯೂ ಎಣ್ಣೆಯಾಯಿತು. ಕೊನೆಯ ಲ್ಯಾಪಿನಲ್ಲಿ ಪುಣೆಯವನ ಪಕ್ಕಕ್ಕೇ ಬಂದಿದ್ದರು. ತಿರುವಿನಲ್ಲಿ ಹಿಂದಿನ ಚಕ್ರ ಜಾರಿ ಬೈಕು ಅವರನ್ನು ಮೇಲಕ್ಕೆಸೆಯಿತು.

“ಬೆಲ್ಟು ನಾನೇ ಹಾಕಿದ್ದು ಅಕ್ಕಾ, ಬಿಗಿಯಾಗೇ ಇತ್ತು. ಬಿಚ್ಚೇ ಇಲ್ಲ. ಅಂಗೇ ತಲೆಯಿಂದ ಜಾರಿ ಕಳಚ್ಕೊಂಡು ಓಯ್ತು. ಎಲ್ಮೆಟ್ಟು ಒಂದ್ಕಡೆ, ಅಣ್ಣ ಒಂದ್ಕಡೆ.”

ನಾನು ಹೆಲ್ಮೆಟ್ ಒಳಗೆ ಕೈ ಹಾಕಿ ನೋಡಿದೆ. ಮೆತ್ತೆ ಕಪ್ಪಗಾಗಿ ಜಿಡ್ಡು ಹಿಡಿದಿತ್ತು. ಹರಳೆಣ್ಣೆಯ ಕಮಟು. ಹೊರಗಡೆ ಒಂದು ಗೀರು ಕೂಡ ಇರಲಿಲ್ಲ.

“ಅತ್ತೆಗೆ ಇದನ್ನ ಹೇಳಬೇಡ” ಅಂದೆ.

“ನಾನ್ಯಾಕೆ ಹೇಳಲಿ” ಎಂದು ಅವನು ಎದ್ದು ಹೋದ. ಆಮೇಲೆ ನಮ್ಮ ಮನೆ ಕಡೆ ಬರಲಿಲ್ಲ. ಹೆಲ್ಮೆಟ್ಟನ್ನು ಊರಿಗೆ ತಂದು, ಗೋಣಿ ಚೀಲದ ಸಮೇತ ಅಟ್ಟದ ಮೂಲೆಗೆ ತಳ್ಳಿದೆ.

ಇವರು ಬದುಕಿದರು. ಎಪ್ರಿಲ್‌ನಲ್ಲಿ ಮನೆಗೆ ಕರೆತಂದೆವು. ಕೈ ಹಿಡಿದು ಎಬ್ಬಿಸಿದರೆ ನಿಲ್ಲುತ್ತಾರೆ, ಬಾಯಿಗಿಟ್ಟರೆ ನುಂಗುತ್ತಾರೆ. ಹೆಸರು ಕೂಗಿದರೆ ತಿರುಗುವುದಿಲ್ಲ. ಬಾಗಿಲಲ್ಲಿ ಕೂರಿಸಿದಾಗ ಬೀದಿಯಲ್ಲಿ ಹಳೇ ಟೂ ಸ್ಟ್ರೋಕ್ ಬೈಕು ಹೋದರೆ ತಿರುಗುತ್ತಾರೆ, ಸದ್ದು ಅಡಗುವ ತನಕ ಆ ಕಡೆಯೇ ನೋಡುತ್ತಾರೆ. ಮಗಳು ಮೊದಮೊದಲು ಅಪ್ಪನ ಮುಂದೆ ಬಾಯಲ್ಲಿ ಬೈಕಿನ ಸದ್ದು ಮಾಡುತ್ತಿದ್ದಳು. ಆಮೇಲೆ ಬಿಟ್ಟಳು.

ಮನೆಗೆ ಬಂದ ವಾರವೇ ಅತ್ತೆ ಕವರು ಕೇಳಿದರು. ಮಗ ಜೀವಸಹಿತ ಬಂದ, ಮಾತು ತೀರಿಸಬೇಕು. ನಾನು ಕೊಡಲಿಲ್ಲ. ಅವರು ಪೂರಾ ಮನೆಗೆ ಬರಲಿ ಅತ್ತೆ, ಆಮೇಲೆ ಕೊಡೋಣ ಅಂದೆ. ಯುಗಾದಿಗೆ ಕೇಳಿದರು, ಶಿವರಾತ್ರಿಗೆ ಕೇಳಿದರು. ಪ್ರತಿ ಸಲ ನನಗೆ ಅದೇ ಉತ್ತರ. ಆ ಕೂದಲನ್ನು ಕಾಣಿಕೆಯ ಹಾಗೆ ನೀರಿಗೆ ಬಿಡುವುದು ನನ್ನಿಂದ ಆಗುತ್ತಿರಲಿಲ್ಲ. ಯಾಕೆ ಆಗುವುದಿಲ್ಲ ಎಂದು ಹೇಳಿದರೆ ಅತ್ತೆ ಉಳಿಯುತ್ತಿರಲಿಲ್ಲ. ಕವರು ಇಟ್ಟ ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು, ಶಾಲೆಗೂ ಅದರ ಸಮೇತ ಹೋಗುತ್ತಿದ್ದೆ.

ಎರಡು ಸಾವಿರದ ಮೂರರ ಹೊತ್ತಿಗೆ ಅತ್ತೆ ಒಂದೇ ಹೊತ್ತು ಉಣ್ಣುವುದಕ್ಕೆ ಶುರು ಮಾಡಿದರು. ಮಗನಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಒಂದೊಂದೇ ತುತ್ತು ನುಂಗಿಸಿ, ತಾವು ತಟ್ಟೆ ಸರಿಸಿ ಏಳುತ್ತಿದ್ದರು. ಯಾಕತ್ತೆ ಎಂದು ಕೇಳಿದೆ.

“ಬಾಕಿ ಮಡಗಿಕೊಂಡಿದ್ದೀವಿ ಕಣವ್ವ ನಾವು. ಅದ್ಕೇ ಅವನು ನನ್ನ ಮಗನ್ನ ಅರ್ಧ ಕಳಿಸಿ ಅರ್ಧ ತನ್ನ ತಾವೇ ಇಟ್ಕೊಂಡವ್ನೆ. ನೀನು ಕೊಡಾಗಂಟ ನಾನೂ ಅರ್ಧ ಹೊಟ್ಟೇಲೆ ಇರ್ತೀನಿ.”

ಬಾಯಿಗೆ ಬಂದಿತ್ತು. ಆ ದಿನ ಹೇಳಿಯೇಬಿಡುತ್ತಿದ್ದೆ. ಅವರ ಬೆರಳಿಗೆ ಇನ್ನೂ ಸಾರು ಅಂಟಿತ್ತು, ಇನ್ನೊಂದು ಕೈಯಿಂದ ಇವರ ಗಲ್ಲ ಒರೆಸುತ್ತಿದ್ದರು. ನಾನು ಎದ್ದು ಪಾತ್ರೆ ತೊಳೆಯಲು ಹೋದೆ.

ಆ ವಾರ ಮಾವ ಹಿತ್ತಲಿಗೆ ಬಂದರು. ಮನೆ ಸೋರುವುದನ್ನು ನೋಡಲು ಅಟ್ಟ ಹತ್ತಿದ್ದರಂತೆ. ಒಗೆಯುವ ಕಲ್ಲಿನ ಹತ್ತಿರ ನನ್ನ ಪಕ್ಕ ಕೂತರು.

“ಆ ಚೀಲ ಬಿಚ್ಚಿ ನೋಡ್ದೆ” ಅಂದರು. “ಇಷ್ಟು ವರ್ಸ ನೀನೊಬ್ಳೇ ಮಡಿಕ್ಕೊಂಡಿದ್ದಾ?”

ನಾನು ಬಟ್ಟೆ ಹಿಂಡುತ್ತಲೇ ಇದ್ದೆ.

“ಕೊಟ್ಬುಡು ತಾಯಿ ಆ ಕೂದ್ಲ. ನಾನು ದೇವ್ರಿಗೆ ಅಂತ ಕೇಳ್ತಾ ಇಲ್ಲ. ನೀನು ಕೊಡ್ದೆ ಇದ್ರೆ ಅವಳು ಯಾಕೆ ಯಾಕೆ ಅಂತ ಹುಡುಕ್ತಾಳೆ. ಒಂದಿನ ಆ ಚೀಲವ ಇಳಿಸ್ತಾಳೆ. ಅವಳ ಮೂಗು ನನ್ನ ಮೂಗಿಗಿಂತ ಚುರುಕು.”

ಮಾವ ಅದೇ ದಿನ ಹೆಲ್ಮೆಟ್ಟನ್ನು ಹೊಳೆಯಾಚೆ ಎಲ್ಲೋ ಹೂತು ಬಂದರು. ಮುಂದಿನ ಸೋಮವಾರ ಮಗಳನ್ನು ಅವಳ ಶಾಲೆಗೆ ಕಳಿಸಿ ನಾನು ರಜ ಹಾಕಿದೆ. ಇವರನ್ನು ಕಿಟಕಿ ಪಕ್ಕ ಕೂರಿಸಿಕೊಂಡು ನಾವು ನಾಲ್ವರೂ ನಂಜನಗೂಡಿನ ಬಸ್ಸು ಹತ್ತಿದೆವು. ಮಾವ ದೇವಸ್ಥಾನದ ಬೀದಿಗೆ ಬರಲಿಲ್ಲ, ಸೇತುವೆ ಹತ್ತಿರವೇ ಇಳಿದು ಕಲ್ಲಿನ ಮೇಲೆ ಕೂತರು.

ಕಪಿಲೆ ದಡದಲ್ಲಿ ಮುಡಿ ತೆಗೆಯುವವನು ಕವರನ್ನು ನೋಡಿ, ಹಳೇ ಕೂದಲು ಆಗುವುದಿಲ್ಲ, ತಲೆ ಬೇಕು ಅಂದ. ಅತ್ತೆ ಅವನಿಗೆ ಎಲ್ಲವನ್ನೂ ಹೇಳಿದರು, ಮದ್ರಾಸು, ಆಯಾ, ಎಲ್ಲ. ಅವನು ಇವರ ತಲೆಯನ್ನು ನೀರಿನಿಂದ ಒದ್ದೆ ಮಾಡಿ, ಎಡಗಡೆ ತಗ್ಗಾದ ಜಾಗವನ್ನು ಬಿಟ್ಟು, ಶಾಸ್ತ್ರಕ್ಕೆ ಕತ್ತಿ ಆಡಿಸಿದ. ಸೇತುವೆ ಮೇಲೆ ಯಾವುದೋ ಬೈಕು ಹೋಯಿತು. ಇವರು ತಿರುಗಿದರು. “ತಲೆ ಅಲ್ಲಾಡಿಸ್ಬೇಡಿ ಸಾ” ಎಂದು ಅವನು ಗಲ್ಲ ಹಿಡಿದು ಈ ಕಡೆ ತಿರುಗಿಸಿದ.

ಅತ್ತೆ ಕವರಿನ ಗಂಟು ಬಿಚ್ಚಿದರು. ಕೂದಲು ಮುದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಎರಡೂ ಕೈಯಲ್ಲಿ ತೆಗೆದು ಮುಖದ ಹತ್ತಿರ ಹಿಡಿದರು.

“ನೋಡು ಮಗಾ” ಅಂದರು, ಮುಖ ಅರಳಿಸಿ. “ನನ್ನ ಅಳ್ಳೆಣ್ಣೆ ವಾಸ್ನೆ ಇನ್ನೂ ಅಂಗೇ ಅದೆ.”

ಹೂಂ ಅತ್ತೆ ಅಂದೆ.

ಅವರು ಮೊಣಕಾಲವರೆಗೆ ನೀರಿಗಿಳಿದು ಕೈ ಬಿಟ್ಟರು. ಆ ರಾತ್ರಿ ಎರಡು ಮುದ್ದೆ ಉಂಡರು. ಇವರು ಈಗಲೂ ಬಾಗಿಲಲ್ಲೇ ಕೂತಿರುತ್ತಾರೆ. ಹರಕೆ ತೀರಿತು.